ಭಾವ ಕೋಣೆಯ ಗುಂಯ್ ಬಿಡಿಸಿದ್ದು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಲಿಫ್ಟ್ ರಿಪೇರಿಯವರು. ಮೋಟರಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಾರೆ. ಹೆಂಡತಿ ಕರೆದದ್ದು ಮಾತ್ರ ಮೂರನೇ ಸಲಕ್ಕೆ ಕೇಳಿಸುತ್ತದೆ. ಇದು ನನ್ನ ಮಾತಲ್ಲ, ಅಕ್ಕನದು.

ಮದುವೆಯಾದಾಗಿನಿಂದ ಇಬ್ಬರಿಗೂ ಒಂದು ರೂಢಿ. ಭಾವ ಕೆಲಸದಿಂದ ಬಂದು ಕೈಯ ಗ್ರೀಸು ತೊಳೆದ ಮೇಲೆ ಅಕ್ಕಪಕ್ಕ ಕೂತು ಹಾಡು ಕೇಳುವುದು. ಈಚೆಗೆ ಅಕ್ಕ ಆ ಪಕ್ಕದ ಕುರ್ಚಿ ಬಿಟ್ಟು, ಹಿಂದಿನ ಮೂಲೆಯಲ್ಲಿ ಗೋಡೆಗೆ ಬೆನ್ನು ಒತ್ತಿ ಕೂರತೊಡಗಿದಳು. ಕರೆದರೂ ಬರಲೊಲ್ಲಳು. ಭಾವನಿಗೆ ಅದು ಚುಚ್ಚುತ್ತಿತ್ತು. "ಅಕ್ಕನ್ನ ಮೂಲೆಗುಂಪು ಮಾಡಿಬಿಟ್ರಲ್ಲ" ಎಂದು ನಾನು ಬೇರೆ ಗಾಯಕ್ಕೆ ಉಪ್ಪು ಸವರಿದೆ.

ಭಾವ ತಪ್ಪನ್ನೆಲ್ಲ ಕೋಣೆಯ ತಲೆಗೆ ಕಟ್ಟಿದರು. ಅದು ಚೌಕದ ಕೋಣೆ. ಅಂಥಲ್ಲಿ ಬಾಸ್, ಅಂದರೆ ತಗ್ಗಿನ ದನಿ, ಗೋಡೆಯಿಂದ ಗೋಡೆಗೆ ಬಡಿದು ಮೂಲೆಗಳಲ್ಲಿ ಗುಡ್ಡೆ ಬೀಳುತ್ತದಂತೆ, ನಡುವೆ ಬರಿದಾಗುತ್ತದಂತೆ. ನಿಜ, ನಡುವಿನ ಕುರ್ಚಿಯಲ್ಲಿ ಹಾಡಿಗೆ ಮೈಯೇ ಇರಲಿಲ್ಲ, ಮೂಲೆಯಲ್ಲಿ ಡೊಳ್ಳುಹೊಟ್ಟೆ ಬಂದಿರುತ್ತಿತ್ತು.

"ಸರಿ ಮಾಡಿದ್ರೆ ತಾನಾಗೇ ನನ್ನ ಪಕ್ಕ ಬರ್ತಾಳೆ ನೋಡು" ಎಂದರು.

ಒಂದು ರಜೆಯ ದಿನ ಬಾಸ್ ಸ್ಪೀಕರನ್ನು ತಮ್ಮ ಕುರ್ಚಿಯಲ್ಲಿ ಹೊಸ ಅಳಿಯನ ಹಾಗೆ ಕೂರಿಸಿ, ತಾವು ಗೋಡೆಗುಂಟ ಅಂಬೆಗಾಲಿಟ್ಟರು. ಎಲ್ಲಿ ಸದ್ದು ಸಮನಾಗಿ ಕೇಳುತ್ತದೋ ಅಲ್ಲಿ ಸ್ಪೀಕರ್ ಇಡಬೇಕಂತೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ಈ ವಯಸ್ಸಿಗೆ ಅಂಬೆಗಾಲು ಬಂತಲ್ಲ, ಇನ್ನು ನಡೆಯೋದು ಯಾವಾಗಲೋ!"

ಆಮೇಲೆ ಸದ್ದು ಹೀರಿಕೊಳ್ಳುವ ಗಾಜಿನ ಉಣ್ಣೆಯ ದಪ್ಪ ಹಾಸು ತಂದರು. ಮರದ ಚೌಕಟ್ಟಿಗೆ ಅದನ್ನು ತುಂಬಿ, ಬಟ್ಟೆ ಹೊದಿಸಿ, ನಾಲ್ಕೂ ಮೂಲೆಗೆ ಸೂರಿನವರೆಗೆ ನಿಲ್ಲಿಸಿದರು. ಬಟ್ಟೆ ಹೊಲಿದುಕೊಟ್ಟವಳು ಅಕ್ಕನೇ.

ಗುಂಯ್ ಹೋಯಿತು. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು. ಕುಚೋದ್ಯ ಮಾಡಿದ್ದ ನಾನೇ ದಂಗಾದೆ. ಮೂಲೆ ಚೌಕಟ್ಟಿನ ಪಾಲಾಗಿತ್ತು, ಅಕ್ಕ ಭಾವನ ಪಕ್ಕ ಬಂದು ಕೂತಳು. ಭಾವನ ಮುಖ ನೋಡಬೇಕಿತ್ತು. ಹೇಗಿದೆ ಎಂದರೆ "ಚೆನ್ನಾಗಿದೆ" ಎಂದಳು.

ಕೆಲವು ದಿನ ಕಳೆದದ್ದೇ, ಹಾಡಿನ ಹೊತ್ತಿಗೆ ಸರಿಯಾಗಿ ಅವಳಿಗೆ ಅಡುಗೆಮನೆಯಲ್ಲಿ ಕೆಲಸ ಹುಟ್ಟತೊಡಗಿತು. ಕೊನೆಗೆ ಕೋಣೆಗೆ ಬರುವುದನ್ನೇ ಬಿಟ್ಟಳು. ಒಂದು ಸಂಜೆ ನಾನಿದ್ದಾಗಲೇ ಭಾವ ಹಾಡು ನಿಲ್ಲಿಸಿ ಅಡುಗೆಮನೆಗೆ ಎದ್ದುಹೋದರು. "ನನ್ನ ಮೇಲೆ ಕೋಪಾನಾ?" ಎಂದು ಹಿಂದಿನಿಂದ ಕೇಳಿದರು. ಅಕ್ಕ ಪಾತ್ರೆ ಉಜ್ಜುತ್ತಲೇ ಇದ್ದಳು. ಎದುರಿಗೆ ಹೋಗಿ ಮತ್ತೆ ಕೇಳಿದರು.

"ಕೋಪ ಯಾಕೆ?" ಅಕ್ಕ ಕೈ ಒರೆಸಿಕೊಂಡಳು. "ನಂಗೆ ಹಾಡು ಕೇಳಿಸ್ದೆ ತುಂಬ ದಿನ ಆಯ್ತು. ಮಾತಾದ್ರೆ ಬಾಯಿ ನೋಡಿ ತಿಳ್ಕೋತೀನಿ. ಆ ಮೂಲೇಲಿ ಗೋಡೆ ನಡುಗಿ ಬೆನ್ನಿಗೆ ತಾಳ ಸಿಗ್ತಿತ್ತು. ಅದನ್ನ ಹಿಡ್ಕೊಂಡು ಮಿಕ್ಕಿದ್ದನ್ನ ಮನಸ್ಸಲ್ಲೇ ಹಾಡ್ಕೋತಿದ್ದೆ."

"ಮತ್ತೆ ಆ ಬಟ್ಟೆ ಯಾಕೆ ಹೊಲಿದುಕೊಟ್ಟೆ?"

"ಬೇಡ ಅಂದ್ರೆ ಕಿವಿ ವಿಷ್ಯ ಹೇಳ್ಬೇಕಾಗ್ತಿತ್ತು. ಹೇಳಿದ್ರೆ ನೀವು ಹಾಡು ಹಾಕೋದನ್ನೇ ಬಿಟ್ಟುಬಿಡ್ತಿದ್ರಿ."

ಭಾವ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಕಿವಿ ಡಾಕ್ಟರು ಯಂತ್ರ ಕೊಟ್ಟರು. ಮಾತಿಗೆ ಆಗುತ್ತದೆ, ಹಾಡು ಮಾತ್ರ ತಗಡು ತಟ್ಟಿದ ಹಾಗೆ ಎನ್ನುತ್ತಾಳೆ. ಭಾವ ಚೌಕಟ್ಟುಗಳನ್ನೆಲ್ಲ ಕಿತ್ತು ಅಟ್ಟಕ್ಕೆ ಹಾಕಿದರು.

ಮೊನ್ನೆ ಹೋದಾಗ ಆ ಮೂಲೆಯಲ್ಲಿ ಎರಡು ಕುರ್ಚಿಗಳಿದ್ದವು. ಬೀರುವಿನ ಗಾಜು ಗಡಗಡ ಎನ್ನುತ್ತಿತ್ತು, ಹಾಡಿನ ಒಂದು ಪದವೂ ತಿಳಿಯುತ್ತಿರಲಿಲ್ಲ. ಭಾವ ಅಕ್ಕನ ಕಡೆ ಪೂರ್ತಿ ತಿರುಗಿ, ಹಾಡಿನ ಪದಗಳನ್ನು ಬಾಯಿ ದೊಡ್ಡದು ಮಾಡಿ ಒಂದೊಂದಾಗಿ ಹೇಳುತ್ತಿದ್ದರು. ಅಕ್ಕ ಅವರ ತುಟಿಯಿಂದ ಕಣ್ಣು ಕೀಳಲಿಲ್ಲ. ಅವರು ತಾಳ ತಪ್ಪಿದಾಗಲೆಲ್ಲ ಅವರ ತೊಡೆಗೆ ಒಂದು ಏಟು ಕೊಟ್ಟು ಸರಿಮಾಡುತ್ತಿದ್ದಳು.