ಸಕ್ರಪ್ಪನ ಮಗ್ಗದ ಕುಣಿ

ಗಿರಣಿಯ ಭೋಂಗಾ ನಿಂತ ಮೇಲೆ ಬೆಟಗೇರಿಯಲ್ಲಿ ಹೊತ್ತು ತಿಳಿಯುವುದೇ ಕಷ್ಟವಾಯಿತು. ಅದು ಕೂಗಿದರೆ ಒಲೆ ಹೊತ್ತುತ್ತಿದ್ದವು, ಮತ್ತೆ ಕೂಗಿದರೆ ಬುತ್ತಿ ಬಿಚ್ಚುತ್ತಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ ಸಾವುಕಾರರು ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳನ್ನೆಲ್ಲ ಕಿತ್ತು ಗೂಡ್ಸ್ ಗಾಡಿಗೆ ಹೇರಿಸಿದರು. ಉಳಿದದ್ದು ಕಪ್ಪು ಹಿಡಿದ ಚಿಮಣಿ, ಅಂಗಳದಲ್ಲಿ ಮಣ್ಣಿನ ಗುಡ್ಡೆ ಮತ್ತು ಕೆಲಸಗಾರರ ತಗಡಿನ ಖೋಲಿಗಳು.

ಕೊನೆಯ ಖೋಲಿಯಲ್ಲಿ ದೇವವ್ವ ಇದ್ದಳು. ಅಸುಂಡಿಯ ಹೆಣ್ಣುಮಗಳು. ಗಂಡ ನೀಲಪ್ಪನೂ ಅವಳೂ ಅದೇ ಗಿರಣಿಯಲ್ಲಿ ದುಡಿದವರು. ಅರಳೆಯ ಧೂಳು ಎದೆಗೆ ಕೂತು ಅವನು ತೀರಿಕೊಂಡಿದ್ದ. ಒಬ್ಬಳೇ ಮಗಳು ಮಂಜವ್ವ, ಸಿಂಗಟಾಲೂರಿಗೆ ಕೊಟ್ಟವಳು, ಈಗ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ಬೇಸಿಗೆಯೊಳಗೆ ಖೋಲಿ ಕೆಡವುತ್ತೇವೆಂದು ಸಾವುಕಾರರ ಮನುಷ್ಯ ಹೇಳಿ ಹೋಗಿದ್ದ. ಮಗಳಿಗೆ ಸೀರೆ ಉಡಿಸಿ ಕುಬಸ ಮಾಡಲು ಹೋದಾಗ ಬೀಗತಿ ದುರಗವ್ವ ನಗುತ್ತಲೇ ಚುಚ್ಚಿದಳು.

“ಕರಕೊಂಡ ಹೋಗವಾ, ಯಾರ ಬ್ಯಾಡ ಅಂದ್ರು? ಆದರ ಎಲ್ಲಿಗೆ? ಚಿಮಣಿಗೆ ತೊಟ್ಟಲಾ ಕಟ್ಟತೀ ಏನು?”

“ಮನಿ ಮಾಡಿ ಬಂದ ಕರಕೊಂಡ ಹೊಕ್ಕೀನಿ” ಎಂದು ದೇವವ್ವ ತಲೆ ತಗ್ಗಿಸಿಕೊಂಡು ಎದ್ದು ಬಂದಳು.

ಬೆಟಗೇರಿಯಲ್ಲಿ ಮನೆಗಳಿಗೇನೂ ಬರವಿರಲಿಲ್ಲ. ಗದಗಿನ ಸ್ಟೇಶನ್ ಕಡೆ ಬಾಡಿಗೆ ಏರುತ್ತಿದ್ದರೆ, ಇಲ್ಲಿ ನೂಲು ಸಿಗದೆ ನೇಕಾರರು ಸೊಲ್ಲಾಪುರದ ದಾರಿ ಹಿಡಿದಿದ್ದರು. ನೇಕಾರರ ಓಣಿಯ ಬಾಗಿಲಿಗೆಲ್ಲ ಕೀಲಿ. ತೊಲೆ ಬಾಗಿಲು ಬಿಚ್ಚಿ ಮಾರಿದರೆ ಮನೆಯ ಬೆಲೆಗಿಂತ ಹೆಚ್ಚು ಬರುವಂಥ ದಿನಗಳು. ಆ ಓಣಿಯಲ್ಲಿ ಶೇಖವ್ವ ಎಂಬುವಳು ಮನೆ ಮಾರಿ ತಮ್ಮನ ಊರಿಗೆ ಹೊರಟಿದ್ದಳು. ದೇವವ್ವ ಕೊರಳಿನ ಬಂಗಾರದ ಬೋರಮಾಳ ಬಿಚ್ಚಿ ಅವಳ ಕೈಗಿಟ್ಟಳು.

ಮನೆಯ ನಡುವೆ ಸೊಂಟದಾಳದ ಕುಣಿ. ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ಶೇಖವ್ವನ ಗಂಡ ಸಕ್ರಪ್ಪ ನೇಯುತ್ತಿದ್ದ. ಒಂದು ಮಧ್ಯಾಹ್ನ ಕೂತಲ್ಲೇ ಮಗ್ಗದ ಹಾಸುನೂಲಿನ ಮೇಲೆ ತಲೆಯಿಟ್ಟವನು ಮತ್ತೆ ತಲೆ ಎತ್ತಿರಲಿಲ್ಲ.

“ಮಗ್ಗಾ ಬಿಚ್ಚಿಸೀನಿ. ನೇಯಾಕ ಹತ್ತಿದ್ದ ಸೀರಿ ಅರ್ಧಾನೇ ಐತಿ, ಗೂಟಕ್ಕ ಹಾಕೀನಿ. ಯಾರೂ ತಗೊಳಂಗಿಲ್ಲ, ನೀನೇ ಇಟಗೋ” ಎಂದಳು ಶೇಖವ್ವ. “ಕುಣಿ ಅಷ್ಟ ಸುಮ್ಮ ಮುಚ್ಚಬ್ಯಾಡ ದೇವವ್ವಾ. ಕಡೀಕ ನೇದಾಂವ ತಾನ ಎದ್ದ ಬಂದ ಮ್ಯಾಲ ಮುಚ್ಚೂದು ನಮ್ಮ ಪದ್ಧತಿ. ಇವರು ಏಳಲಿಲ್ಲ. ಇವರ ಬದ್ಲಿ ಯಾರರೆ ನೇಕಾರನ ಕರದು ಒಮ್ಮಿ ಕುಂಡ್ರಿಸಿ ಎಬ್ಬಸು.”

ಓಣಿಯಲ್ಲಿ ಉಳಿದಿದ್ದ ನೇಕಾರ ಮುದಕಪ್ಪ ಒಬ್ಬನೇ. ಅವನ ಮಗ್ಗವೂ ನೂಲಿಲ್ಲದೆ ನಿಂತಿತ್ತು. ದೇವವ್ವ ಹೋಗಿ ಕೇಳಿದಳು. ಅವನು ತಂಬಾಕು ತಿಕ್ಕುತ್ತ ಹಲ್ಲು ಕಿಸಿದ.

“ನಾ ಕುಂಡ್ರತೀನಿ ತಂಗಿ. ನನ್ನ ಎಬ್ಬಸಾವ್ರ ಯಾರು? ಸಕ್ರಪ್ಪ ಬರತಾನೇನು?”

ದೇವವ್ವ ಮರಳಿ ಕೇಳಲಿಲ್ಲ. ಮಂಜವ್ವನಿಗೆ ದಿನ ತುಂಬುತ್ತ ಬಂದಿತ್ತು. ಕತ್ತಲೆ ಮನೆಯಲ್ಲಿ ಬಸುರಿ ಹೆಂಗಸು ಕುಣಿಗೆ ಕಾಲು ಜಾರಿದರೆ? ಶಿವನ ಹೆಸರು ಹೇಳಿ, ಪುಕ್ಕಟೆ ಸಿಗುವ ಗಿರಣಿಯಂಗಳದ ಮಣ್ಣನ್ನೇ ಬುಟ್ಟಿಯಲ್ಲಿ ಹೊತ್ತು ತಂದು ತುಂಬಿದಳು. ಕೊಡತಿಯಿಂದ ಬಡಿದಳು, ಸಗಣಿ ಸಾರಿಸಿದಳು. ನೆಲ ನುಣ್ಣಗಾಯಿತು.

ಮರುದಿನ ಎಡಕ್ಕೆ ಒಂದು ತಗ್ಗು ಬಿದ್ದಿತ್ತು, ಅಂಗಾಲಿನಷ್ಟು ಉದ್ದ. ಅದನ್ನು ತುಂಬಿ ಬಡಿದಳು. ಆಮೇಲೆ ನೋಡಿದರೆ ಎಡಗಡೆ ಗಟ್ಟಿಯಾಗಿದೆ, ಬಲಗಡೆ ಕುಸಿದಿದೆ. ಬಲ ತುಂಬಿದಳು. ಎಡ ಇಳಿಯಿತು.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಕೈ ತಡೆದಳು. ಗೋಡೆಯ ಗೂಡಿನಲ್ಲಿದ್ದ ಹಿತ್ತಾಳೆ ಚರಿಗೆಗಳು ಸಣ್ಣಗೆ ನಡುಗುತ್ತಿದ್ದವು. ಒಂದು ಸಲ, ಬಿಟ್ಟು ಮತ್ತೊಂದು ಸಲ, ಒಂದೇ ಲಯದಲ್ಲಿ. ಬಾಗಿಲಿಗೆ ಬಂದಳು. ಓಣಿಯುದ್ದಕ್ಕೂ ಬಿಸಿಲು, ಕೀಲಿ ಹಾಕಿದ ಬಾಗಿಲುಗಳು. ಒಳಗೆ ಬಂದು ನೆಲಕ್ಕೆ ಅಂಗೈ ಇಟ್ಟಳು. ನೆಲ ಬೆಚ್ಚಗಿತ್ತು. ಒಳಗಿನಿಂದ ಯಾರೋ ತುಳಿಯುವ ಹಾಗೆ ಅಂಗೈಗೆ ತಟ್ಟುತ್ತಿತ್ತು.

ಸೋಮವಾರ ಕಸ ಹೊಡೆಯುವಾಗ ಆ ತಗ್ಗಿನೊಳಗಿಂದ ಏನೋ ಎದ್ದದ್ದು ಕಂಡಿತು. ಬಿಳಿಚಿದ ಸಣ್ಣ ಬೆರಳುಗಳು, ತುದಿ ಬಾಗಿದವು. ದೇವವ್ವ ಕಸಬರಿಗೆ ಬಿಟ್ಟು ಮುದಕಪ್ಪನ ಮನೆಗೆ ಓಡಿದಳು.

ಮುದಕಪ್ಪ ಬಂದು, ಬಗ್ಗಿ ನೋಡಿ, ಹೊಟ್ಟೆ ಹಿಡಿದು ನಕ್ಕ.

“ಏ ಹುಚ್ಚಿ! ಹತ್ತಿ ಸಸಿ ಅವು. ಬಿಸಲ ಕಾಣದ ಬೆಳ್ಳಗಾಗ್ಯಾವು. ಗಿರಣಿ ಮಣ್ಣ ತುಂಬೀದಿ, ಅದರಾಗ ಹತ್ತಿಕಾಳು ಇರೂದಿಲ್ಲೇನು? ಕಾಳು ಉಬ್ಬಿ ಕೊಳತು ನೆಲಾ ಕುಸದೈತಿ. ದೆವ್ವಾ ಅಲ್ಲ, ಭೂತಾ ಅಲ್ಲ.”

ದೇವವ್ವನಿಗೂ ನಗು ಬಂತು. ಇಡೀ ಜನ್ಮ ಹತ್ತಿಕಾಳಿನಲ್ಲೇ ಕಳೆದವಳಿಗೆ ಇದು ಹೊಳೆಯಲಿಲ್ಲವಲ್ಲ! ಇಬ್ಬರೂ ಕೂಡಿ ಮಣ್ಣು ತೋಡಿ ಹೊರಗೆ ಹಾಕಿದರು. ಕುಣಿ ಮತ್ತೆ ಬಾಯಿ ತೆರೆಯಿತು.

“ಖರೆ ಅಣ್ಣಾ” ಎಂದಳು ದೇವವ್ವ, ಬೆವರು ಒರೆಸಿಕೊಳ್ಳುತ್ತ. “ಆದರ ಒಮ್ಮಿ ಎಡಕ್ಕ, ಒಮ್ಮಿ ಬಲಕ್ಕ ಇಳೀತಿತ್ತಲ್ಲ, ಅದ್ಯಾಕ?”

ಮುದಕಪ್ಪನ ನಗು ನಿಂತಿತು. ಗೂಡಿನ ಚರಿಗೆಗಳು ಮೆಲ್ಲಗೆ ಸಪ್ಪಳ ಮಾಡುತ್ತಿದ್ದವು. ಅವನು ಚಪ್ಪಲಿ ಕಳಚಿ, “ತಾಯಿ ಬನಶಂಕರಿ” ಎನ್ನುತ್ತ ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟ. ಕೈಗಳು ತಾವಾಗಿಯೇ ಇಲ್ಲದ ಲಾಳಿಯನ್ನು ಎಸೆದವು. ಕಾಲುಗಳು ಅಲ್ಲಿಲ್ಲದ ಹಲಗೆಗಳನ್ನು ತುಳಿದವು. ಚರಿಗೆಗಳ ಸಪ್ಪಳವೂ ಅವನ ಕಾಲೂ ಒಂದೇ ಲಯಕ್ಕೆ ಬಂದವು. ಅವನ ತಲೆ ಮುಂದಕ್ಕೆ ಬಾಗತೊಡಗಿತು.

“ಅಣ್ಣಾ, ಸಾಕ ಏಳ್ರಿ!”

“ಆಗವಲ್ದು” ಎಂದ ಅವನು. ದನಿ ಬೇರೆ ಎಲ್ಲಿಂದಲೋ ಬಂದಂತಿತ್ತು. “ಕೈ ಕೊಡ ತಂಗಿ, ಜಲ್ದಿ.”

ದೇವವ್ವ ಅಂಚಿಗೆ ಕಾಲು ಒತ್ತಿ ಅವನ ಎರಡೂ ಕೈ ಹಿಡಿದಳು. ಆ ಬೇಸಿಗೆಯಲ್ಲಿ ಬಾವಿಯ ಕಲ್ಲಿನಂತೆ ತಣ್ಣಗಿದ್ದವು. ಗಿರಣಿಯಲ್ಲಿ ಹತ್ತಿ ತುಂಬಿದ ಅಂಡಿಗೆ ಎತ್ತಿದ ತೋಳು ಅವಳವು. ಒಣಕಲು ಮುದುಕನೊಬ್ಬ ಎಷ್ಟು ಭಾರವಿರಬಹುದೆಂಬ ಅಂದಾಜು ಇತ್ತು. ಇದು ಒಬ್ಬನ ಭಾರವಲ್ಲ. ಶಿವಶಿವಾ ಎಂದು ಜಗ್ಗಿದಳು. ತೋಳಿನ ನರ ಹರಿಯುತ್ತವೆ ಅನ್ನಿಸುವ ಹೊತ್ತಿಗೆ ಭಾರ ಒಮ್ಮೆಲೇ ಕಳಚಿ, ಮುದಕಪ್ಪ ಮೇಲೆ ಬಂದು ಬಿದ್ದ. ಚರಿಗೆಗಳು ಸುಮ್ಮನಾದವು.

ಅವನು ಚಪ್ಪಲಿ ಮೆಟ್ಟಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡ. “ಇನ್ನ ಮುಚ್ಚು” ಎಂದಷ್ಟೇ ಹೇಳಿ, ಹಿಂದೆ ನೋಡದೆ ಹೋದ.

ರಹಮಾನಸಾಬನ ಗಾಡಿಯಲ್ಲಿ ಲಕ್ಕುಂಡಿ ಹಾದಿಯ ಗಟ್ಟಿ ಗರಸುಮಣ್ಣು ತರಿಸಿ ತುಂಬಿದಳು. ನೆಲ ಕುಸಿಯಲಿಲ್ಲ. ಮಗಳು ಬಂದಳು, ಸುಖವಾಗಿ ಹೆತ್ತಳು, ಹೆಣ್ಣುಕೂಸು. ಬೀಗತಿ ದುರಗವ್ವ ಬಂದು ಗೋಡೆ ತೊಲೆಗಳನ್ನೆಲ್ಲ ಕಣ್ಣಲ್ಲೇ ಅಳೆದು, “ಅಡ್ಡಿಯಿಲ್ಲ, ಮನಿ ತಂಪೈತಿ” ಎಂದಳು.

ಕನ್ನಡ ನಾಡು ಒಂದಾದ ವರ್ಷ ಬೆಟಗೇರಿಯ ಮನೆಗಳಿಗೂ ಬೆಲೆ ಬಂತು. ಗದಗಿನ ವ್ಯಾಪಾರಿಗಳು ಓಣಿಗೆ ಬಂದು ಕೀಲಿ ಬಿದ್ದ ಮನೆಗಳನ್ನು ಕೇಳತೊಡಗಿದರು. ದೇವವ್ವ ಮಾರಲಿಲ್ಲ.

ಹಿಂದೆ ಮಗಳ ಆ ಬಾಣಂತನದ ದಿನಗಳಲ್ಲಿ ಜೋಲಿಗೆ ಬಟ್ಟೆ ಸಾಲದೆ, ಗೂಟಕ್ಕಿದ್ದ ಆ ಅರ್ಧ ಸೀರೆಯನ್ನೇ ಅವಳು ತೊಲೆಗೆ ಕಟ್ಟಿದ್ದಳು, ಸರಿಯಾಗಿ ಕುಣಿ ಮುಚ್ಚಿದ ಜಾಗದ ಮೇಲೆ. ಮೊದಲ ಮಧ್ಯಾಹ್ನವೇ ಮಂಜವ್ವ ಕರೆದಿದ್ದಳು.

“ಯವ್ವಾ, ಇಲ್ಲಿ ಬಾ. ಎಲ್ಲಾ ಕೂಸು ಹಿಂಗ ಒದಿತಾವೇನು?”

ಕೂಸು ಕಣ್ಣು ಮುಚ್ಚಿ ಮಲಗಿತ್ತು. ಕಾಲು ಮಾತ್ರ ಆಡುತ್ತಿದ್ದವು. ಎಡಗಾಲು, ಬಿಟ್ಟು ಬಲಗಾಲು, ಮತ್ತೆ ಎಡಗಾಲು, ಅದೇ ಲಯದಲ್ಲಿ.

“ಒದಿತಾವವಾ” ಎಂದಳು ದೇವವ್ವ. ಗೂಡಿನ ಕಡೆ ನೋಡಿದಳು. ಚರಿಗೆಗಳು ಅಲುಗುತ್ತಿರಲಿಲ್ಲ. ಹಣೆಯ ವಿಭೂತಿಯನ್ನು ಬೆರಳಿಗೆ ಹಚ್ಚಿಕೊಂಡು ಕೂಸಿನ ಎರಡೂ ಅಂಗಾಲಿಗೆ ಇಟ್ಟು, ಜೋಲಿಯನ್ನು ಮೆಲ್ಲಗೆ ತೂಗಿದಳು.