ನಾನು ತೋರಿಸಿಕೊಟ್ಟ ಬಂಡೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಬೇಗ ಕೋಪ ಬರುತ್ತಿದ್ದದ್ದು ನನಗೆ. ತಾತನಾದ ಮೇಲೂ ಒಂದಿಷ್ಟೂ ಬದಲಾಗಿಲ್ಲ ಎಂದು ನಿಮ್ಮ ಅಜ್ಜಿ ಹೇಳುತ್ತಾಳೆ. ಮಕ್ಕಳಿಗೆ ಹಳೆಯ ಕಾಲದ ವಿಷಯ ಹೇಳುವಾಗ ನಗುನಗುತ್ತ ಹೇಳಬೇಕಂತೆ. ನನಗೆ ಅದು ಬರುವುದಿಲ್ಲ. ಈಗ ಹೇಳಹೊರಟಿರುವ ದಿನವನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ. ನಿಮಗೆ ನಗು ಬಂದ ಕಡೆ ನಕ್ಕುಬಿಡಿ, ನಾನೇನೂ ಅಂದುಕೊಳ್ಳುವುದಿಲ್ಲ.

ನಾವು ಈಗ ಇರುವ ಈ ಬಡಾವಣೆ ಆಗ ರಾಮನಗರದ ಲೆಕ್ಕಕ್ಕೇ ಇರಲಿಲ್ಲ. ಕೂಟಗಲ್ ಕಡೆ ಹೋಗುವ ದಾರಿ ಬರೀ ಮಣ್ಣು. ದಾರಿಯಿಂದ ಒಳಗೆ ನಮ್ಮ ಹೊಲ, ಹೊಲದ ಪಕ್ಕಕ್ಕೆ ಮನೆ, ಮನೆಯ ಹಿಂದೆ ಕುರಿದೊಡ್ಡಿ. ಅಪ್ಪ ಕುರಿ ಸಾಕುತ್ತಿದ್ದ. ಹೊಲ ಅಂದೆನಲ್ಲ, ಅದರಲ್ಲಿ ರಾಗಿಗಿಂತ ಬಂಡೆಯೇ ಹೆಚ್ಚು. ಎರಡು ಬಂಡೆಗಳಂತೂ ಬಹಳ ದೊಡ್ಡವು. ಒಂದು ದೂರದ ಮೂಲೆಯಲ್ಲಿ ಮುಳ್ಳುಪೊದೆಗಳ ನಡುವೆ ಮಲಗಿತ್ತು, ಅದನ್ನು ಮೂಲೆಬಂಡೆ ಅನ್ನುತ್ತಿದ್ದೆವು. ಇನ್ನೊಂದು ಮನೆಯ ಅಂಗಳದಿಂದ ಅವ್ವ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿತ್ತು. ಅದು ನಮ್ಮ ಜಾರುಬಂಡೆ.

ನಿಮ್ಮ ಪಾರ್ಕಿನಲ್ಲಿರುವ ಕೆಂಪು ಪ್ಲಾಸ್ಟಿಕ್ಕಿನದನ್ನು ನೆನೆಸಿಕೊಳ್ಳಬೇಡಿ. ಅದು ನಿಜವಾದ ಬಂಡೆ, ಮನೆಯ ಮಾಳಿಗೆಗಿಂತ ಎತ್ತರ. ಹಿಂಬದಿಯಿಂದ ಬೆರಳೂರಿ ಹತ್ತಬೇಕು, ಮುಂದಕ್ಕೆ ಜಾರಬೇಕು. ನಮಗಿಂತ ಮುಂಚೆ ಅಪ್ಪ, ಅಪ್ಪನಿಗಿಂತ ಮುಂಚೆ ಅಪ್ಪನ ಅಪ್ಪ ಜಾರಿ ಜಾರಿ ನಡುವಿನ ಪಟ್ಟಿ ಕನ್ನಡಿಯ ಹಾಗೆ ನುಣ್ಣಗಾಗಿತ್ತು. ತಂಗಡಿ ಸೊಪ್ಪನ್ನು ಮುರಿದು ಕೆಳಗೆ ಹಾಕಿಕೊಂಡು ಕೂತರೆ ಸೊಪ್ಪಿನ ರಸಕ್ಕೆ ಸುಯ್ಯೆಂದು ಕೆಳಗಿನ ಮರಳಿಗೆ ಬಂದು ಬೀಳುತ್ತಿದ್ದೆವು. ಚಡ್ಡಿಯೆಲ್ಲ ಹಸಿರು. ಒಗೆದರೂ ಹೋಗದ ಆ ಹಸಿರಿಗೆ ಅವ್ವನಿಂದ ಏಟು ತಿನ್ನದ ವಾರವಿರಲಿಲ್ಲ. ಬಂಡೆಯ ನೆತ್ತಿಯಲ್ಲಿ ಒಂದು ಸಣ್ಣ ದೊಣೆ ಇತ್ತು. ಮಳೆಗಾಲದ ನೀರು ಅದರಲ್ಲಿ ತಿಂಗಳುಗಟ್ಟಲೆ ನಿಂತು, ಕಪ್ಪೆಮರಿಗಳು ಓಡಾಡುತ್ತಿದ್ದವು.

ಬಂಡೆ ಯಾರದು ಎಂದು ಕೇಳಿದರೆ ಅಕ್ಕನದು ಅನ್ನಬೇಕು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಆ ವರ್ಷ ಅವಳು ದೊಡ್ಡವಳಾದಳು ಎಂದು ಶಾಲೆ ಬಿಡಿಸಿದ್ದರು. ಪೇಟೆಗೆ ಹೋಗುವ ಹಾಗಿಲ್ಲ, ಗೆಳತಿಯರ ಮನೆಗೂ ಹೋಗುವ ಹಾಗಿಲ್ಲ. ಬಂಡೆ ಮಾತ್ರ ಅಂಗಳಕ್ಕೆ ಕಾಣುತ್ತಿದ್ದರಿಂದ ಅದಕ್ಕೆ ಅಡ್ಡಿಯಿರಲಿಲ್ಲ. ಮುಸುರೆ ತಿಕ್ಕಿ, ಕಸ ಗುಡಿಸಿ, ಬೆರಣಿ ತಟ್ಟಿ, ಮಧ್ಯಾಹ್ನ ಒಂದು ಗಳಿಗೆ ಸಿಕ್ಕಿದರೆ ಸಾಕು, ಲಂಗ ಎತ್ತಿ ಕಟ್ಟಿಕೊಂಡು ಬಂಡೆ ಹತ್ತಿಬಿಡುತ್ತಿದ್ದಳು. ಮಲಗಿಕೊಂಡು ಜಾರುವುದು, ಹಿಮ್ಮುಖವಾಗಿ ಜಾರುವುದು, ನಿಂತುಕೊಂಡೇ ಜಾರುವುದು, ಎಲ್ಲವೂ ಅವಳು ಕಂಡುಹಿಡಿದ ಆಟಗಳು. ದೊಣೆಯ ಪಕ್ಕ ಇದ್ದಿಲಿನಿಂದ ಚಿತ್ರ ಬರೆಯುತ್ತಿದ್ದಳು. ಶಾಲೆಯಲ್ಲಿ ಕಲಿತ ಪದ್ಯಗಳನ್ನು ಮರೆತುಹೋಗಬಾರದು ಎಂದು ಎದುರಿನ ಬೆಟ್ಟಕ್ಕೆ ಕೇಳಿಸುವ ಹಾಗೆ ಒದರುತ್ತಿದ್ದಳು. ಬೆಟ್ಟ ಕೊನೆಯ ಸಾಲನ್ನು ವಾಪಸ್ಸು ಹೇಳುತ್ತಿತ್ತು.

ನನಗೆ ಮಾತ್ರ ಆ ವರ್ಷ ಬಂಡೆ ಸಪ್ಪೆಯಾಗಿಬಿಟ್ಟಿತ್ತು. ಜೊತೆಯಲ್ಲಿ ಓದುತ್ತಿದ್ದ ಒಬ್ಬ ಹುಡುಗ ಮೈಸೂರಿಗೆ ಹೋಗಿ ಮೃಗಾಲಯ ನೋಡಿಕೊಂಡು ಬಂದಿದ್ದ. ಜಿರಾಫೆಯ ನಾಲಿಗೆ ಕಪ್ಪಗಿರುತ್ತದೆ ಎಂದು ಹೇಳಿ ಹೇಳಿ ನಮ್ಮ ಜೀವ ತಿನ್ನುತ್ತಿದ್ದ. ನಾನು ಮನೆಯಲ್ಲಿ ಅತ್ತು ಕರೆದು ಊಟ ಬಿಟ್ಟು, ಕೊನೆಗೆ ಅಪ್ಪನಿಂದ ಮಾತು ತೆಗೆದುಕೊಂಡೆ. ದಸರೆ ರಜೆ ಮುಗಿಯುವುದರೊಳಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದ.

ಅಷ್ಟರಲ್ಲಿ ಚಿರತೆ ಬಂತು. ಮುಳ್ಳುಬೇಲಿ ಹಾರಿ ದೊಡ್ಡಿಯಿಂದ ಒಂದು ಮರಿ, ಮೂರು ದಿನ ಬಿಟ್ಟು ಇನ್ನೊಂದು ಮರಿ ಎತ್ತಿಕೊಂಡು ಹೋಯಿತು. ಅಪ್ಪ ಕಲ್ಲುಚಪ್ಪಡಿ ನಿಲ್ಲಿಸಿ ಗೋಡೆ ಮಾಡಿಸಿಯೇ ತೀರುವುದು ಎಂದು ನಿಶ್ಚಯಿಸಿದ. ಬಂಡೆಯಿಂದ ಚಪ್ಪಡಿ ಏಳಿಸುವ ಮೇಸ್ತ್ರಿ ಬರುತ್ತೇನೆ ಅಂದದ್ದು ನಾವು ಮೈಸೂರಿಗೆ ಹೊರಡಬೇಕಾಗಿದ್ದ ದಿನವೇ.

ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಕುರಿ ಬಿಡುತ್ತ ನನ್ನ ಕಡೆ ನೋಡದೆ ಹೇಳಿದ, “ಇವತ್ತಾಗಕ್ಕಿಲ್ಲ ಕಣ್ಲಾ. ದೊಡ್ಡಿ ಕೆಲ್ಸ ಮುಗೀಲಿ. ಮುಗುದ್ರೆ ಹೋಗಮ.” ಮೇಸ್ತ್ರಿಗೆ ಮೂಲೆಬಂಡೆ ತೋರಿಸು, ನೀರು ಕೊಡು, ಸೌದೆ ಎಲ್ಲಿದೆ ಹೇಳು ಎಂದು ನನಗೆ ಒಪ್ಪಿಸಿ ಕುರಿ ಹೊಡೆದುಕೊಂಡು ಹೋದ. ನನಗೆ ಮೈಯೆಲ್ಲ ಉರಿದುಹೋಯಿತು.

ಮೇಸ್ತ್ರಿ ಇಬ್ಬರು ಆಳುಗಳ ಜೊತೆ ಬಂದ. ಬಿಳಿ ಮೀಸೆಯ, ಮೆತ್ತಗೆ ಮಾತನಾಡುವ ಮನುಷ್ಯ. ಮೂಲೆಬಂಡೆಯ ಮೇಲೆ ಸುತ್ತಿಗೆಯಿಂದ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಓಡಾಡಿದ. ಕೆಲಸ ಎಷ್ಟು ದಿನ ಎಂದು ನಾನು ಕೇಳಿದೆ.

“ಇದು ಒರಟು ಕಲ್ಲು ಮಗ. ಏಳ್ತದೆ, ಆದ್ರೆ ಒಂದ್ ವಾರ ಬೇಕಾಯ್ತದೆ.”

ಒಂದು ವಾರ ಅಂದರೆ ಶಾಲೆ ಶುರು. ಜಿರಾಫೆ ಕೈತಪ್ಪಿತು. ನಾನು ತಿರುಗಿ ನೋಡಿದೆ. ಜಾರುಬಂಡೆ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಅದರಲ್ಲಾದರೆ ಎಷ್ಟು ದಿನ ಎಂದು ಕೇಳಿದೆ.

ಮೇಸ್ತ್ರಿ ಅಲ್ಲಿಗೆ ನಡೆದುಹೋಗಿ ಅಂಗೈಯಿಂದ ಸವರಿದ. ಅವನ ಮುಖ ಅರಳಿತು. “ಇದಾದ್ರೆ ಎಲ್ಡೇ ದಿನ. ಒಳ್ಗೆ ಬಿರುಕಿದ್ರೆ ಮಾತ್ರ ಮಾಡಿದ್ದೆಲ್ಲ ದಂಡ. ಐತೋ ಇಲ್ವೋ ಯಾರ್ ಕಂಡವ್ರೆ.”

“ನಂಗೊತ್ತು, ಒಂದೂ ಇಲ್ಲ,” ಅಂದೆ. “ಇದ್ದಿದ್ರೆ ಚಡ್ಡಿ ಸಿಕ್ಕಾಕತಿತ್ತು.”

ಆಳುಗಳು ನಕ್ಕರು. ಮೇಸ್ತ್ರಿ ನಗಲಿಲ್ಲ. ಅವನಿಗೆ ನನ್ನ ಸಾಕ್ಷಿ ಪಕ್ಕಾ ಅನ್ನಿಸಿತು. ಅದು ಸುಳ್ಳೂ ಅಲ್ಲ. ಆ ಬಂಡೆಯ ಒಂದೊಂದು ಗೇಣೂ ನನಗೆ ಕೂತ ಜಾಗದಿಂದಲೇ ಗೊತ್ತಿತ್ತು. ಇಷ್ಟು ವರ್ಷ ಅದರ ಮೇಲೆ ಆಡಿ ಸಂಪಾದಿಸಿದ ತಿಳಿವಳಿಕೆಯನ್ನು ನಾನು ಎಂಥ ಕೆಲಸಕ್ಕೆ ಕೊಟ್ಟೆ ನೋಡಿ.

“ನಿಮ್ಮಪ್ಪ ಮೂಲೆಬಂಡೆ ಅಂದಿದ್ದ,” ಎಂದು ಮೇಸ್ತ್ರಿ ಅನುಮಾನಿಸಿದ.

“ಯಾವ್ದಾದ್ರೂ ಸರಿ ಅಂದವ್ನೆ,” ಅಂದೆ. ಇದು ಮಾತ್ರ ಹಸಿ ಸುಳ್ಳು. ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ.

ಮೇಸ್ತ್ರಿ ಚಪ್ಪಲಿ ಬಿಟ್ಟು ಬಂಡೆಗೆ ಅರಿಸಿನ ಕುಂಕುಮ ಇಟ್ಟ. ಊದುಕಡ್ಡಿ ಹಚ್ಚಿ, ತೆಂಗಿನಕಾಯಿ ಒಡೆದು, ಕೈಮುಗಿದು, “ನೋಯಿಸ್ದಂಗೆ ಏಳವ್ವ,” ಎಂದು ಬಂಡೆಯನ್ನು ಬೇಡಿಕೊಂಡ. ಆಮೇಲೆ ಕೆಳಗಿನ ಅಂಚಿನ ಉದ್ದಕ್ಕೂ ಸೌದೆ ಜೋಡಿಸಿ ಬೆಂಕಿ ಕೊಟ್ಟರು. ಕಲ್ಲು ಏಳಿಸುವ ವಿದ್ಯೆ ಹಾಗೆ. ಬೆಂಕಿಯ ಕಾವಿಗೆ ಬಂಡೆಯ ಮೇಲಿನ ಪದರ ಹಿಗ್ಗಿ, ಕೆಳಗಿನದರಿಂದ ಬಿಟ್ಟುಕೊಳ್ಳುತ್ತದೆ. ಆಳುಗಳು ಉದ್ದನೆಯ ಕೋಲಿನಿಂದ ಬೆಂಕಿಯನ್ನು ಗೇಣು ಗೇಣಾಗಿ ಮೇಲಕ್ಕೆ ಸರಿಸುತ್ತಿದ್ದರು. ಮೇಸ್ತ್ರಿ ಹಿಂದಿನಿಂದ ಸುತ್ತಿಗೆ ತಟ್ಟುತ್ತ ಬರುತ್ತಿದ್ದ. ಕಚ್ಚಿಕೊಂಡಿರುವ ಕಡೆ ಟಣ್ ಅನ್ನುತ್ತಿತ್ತು. ಬಿಟ್ಟುಕೊಂಡ ಕಡೆ ಖಾಲಿ ಕೊಡ ತಟ್ಟಿದ ಹಾಗೆ ಡಬ್ ಅನ್ನುತ್ತಿತ್ತು. ಸುಟ್ಟ ಕಲ್ಲಿನ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ನಾನು ಖುಷಿಯಿಂದ ಸೌದೆ ತಂದು ತಂದು ಕೊಟ್ಟೆ. ಹೌದು, ನಾನೇ ತಂದುಕೊಟ್ಟೆ.

ಬೆಳಗಿನಿಂದ ಅವ್ವನ ಜೊತೆ ಅಡುಗೆಮನೆಯ ಒಲೆ ಬಿಟ್ಟು ಏಳದಿದ್ದ ಅಕ್ಕ ಮಧ್ಯಾಹ್ನ ತಲೆಯ ಮೇಲೆ ಬುಟ್ಟಿ ಹೊತ್ತು ಆಳುಗಳಿಗೆ ಮುದ್ದೆ, ಹುರುಳಿ ಸಾರು ತಂದಳು. ಮೂಲೆಬಂಡೆಯ ಕಡೆಗೆ ಹೊರಟವಳು ಹೊಗೆ ಎಲ್ಲಿ ಏಳುತ್ತಿದೆ ಎಂದು ನೋಡಿ ನಿಂತುಬಿಟ್ಟಳು. ಹತ್ತಿರ ಬಂದು ಬುಟ್ಟಿಯನ್ನು ನಿಧಾನವಾಗಿ ಇಳಿಸಿದಳು.

“ಯಾರ್ ತೋರ್ಸಿದ್ದು ಇದ್ನ?” ಎಂದು ಮೇಸ್ತ್ರಿಯನ್ನು ಕೇಳಿದಳು.

“ನಿನ್ ತಮ್ಮನೇ ಕಣವ್ವ. ಒಸಿನೂ ಬಿರುಕಿಲ್ಲ ಅಂದ. ಸರ್ಯಾಗೇ ಹೇಳವ್ನೆ, ಜಾಣ ಹುಡ್ಗ.”

ಅಕ್ಕ ನನ್ನನ್ನು ನೋಡಿದಳು. ಹೊಡೆಯುತ್ತಾಳೆ ಎಂದು ನಾನು ಹಿಂದಕ್ಕೆ ಸರಿದೆ. ಅವಳು ಹೊಡೆಯಲಿಲ್ಲ. ಬಂಡೆಯ ಹಿಂಬದಿಗೆ ಹೋಗಿ, ಹತ್ತಿ, ಬೆಂಕಿ ಇನ್ನೂ ತಲುಪದ ನೆತ್ತಿಯಲ್ಲಿ ದೊಣೆಯ ಪಕ್ಕ ಕೂತುಬಿಟ್ಟಳು. ಕಲ್ಲು ಕಾದಿದೆ, ಸಿಡಿದರೆ ಕಣ್ಣಿಗೆ ಹೊಡೆಯುತ್ತದೆ, ಇಳಿ ತಾಯಿ ಎಂದು ಮೇಸ್ತ್ರಿ ಬೇಡಿದ. ಅವ್ವ ಅಂಗಳದಿಂದ ಓಡಿಬಂದು ಗದರಿದಳು. ಅವಳು ಮೊಣಕಾಲು ತಬ್ಬಿಕೊಂಡು ಕೂತೇ ಇದ್ದಳು. ಕೊನೆಗೆ ಒಬ್ಬ ಆಳು ಹೋಗಿ ಅಪ್ಪನನ್ನು ಕರೆದುಕೊಂಡು ಬಂದ.

ಅಪ್ಪ ಬಂದು ಬೆಂಕಿಯನ್ನು ನೋಡಿದ, ಅಕ್ಕನನ್ನು ನೋಡಿದ, ಮೇಸ್ತ್ರಿಯಿಂದ ಸುತ್ತಿಗೆ ತೆಗೆದುಕೊಂಡು ತಾನೇ ಒಂದೆರಡು ಕಡೆ ತಟ್ಟಿದ. ಎಲ್ಲ ಕಡೆಯೂ ಡಬ್ ಅಂದಿತು, ಜಾರುವ ನುಣ್ಣನೆಯ ಪಟ್ಟಿಯೂ ಬಿಟ್ಟುಕೊಂಡಿತ್ತು. ಅವನಿಗೂ ಅದು ಅವನ ಚಿಕ್ಕಂದಿನ ಬಂಡೆ. ಸುತ್ತಿಗೆಯನ್ನು ಮೇಸ್ತ್ರಿಗೆ ವಾಪಸ್ಸು ಕೊಟ್ಟು ಹೇಳಿದ, “ಇಳಿಯವ್ವ. ಎದ್ದಿರೋ ಕಲ್ಲು ಇನ್ ಅಂಟ್ಕತದಾ? ನೀನೂ ದೊಡ್ಡೋಳಾದೆ, ಇನ್ನೆಷ್ಟ್ ದಿನ ಜಾರ್ತೀಯ.”

“ಇನ್ನೊಸಿ ದಿನ ಜಾರ್ತಿದ್ದೆ ಕಣಪ್ಪ,” ಅಂದಳು ಅಕ್ಕ. ಇಳಿದಳು. ಬುಟ್ಟಿ ತೆಗೆದು ಆಳುಗಳಿಗೆ ಮುದ್ದೆ ಬಡಿಸಿದಳು.

ಆವತ್ತು ನನಗೆ ಚೆನ್ನಾಗಿ ನಾಲ್ಕು ಬೀಳಬೇಕಾಗಿತ್ತು. ಬೀಳಲಿಲ್ಲ. ಸುಳ್ಳು ಹೇಳಿದ್ದು ಅಪ್ಪನಿಗೆ ಗೊತ್ತಾಯಿತು, ಆದರೆ ಚಪ್ಪಡಿಗಳು ಅಷ್ಟು ಚೆನ್ನಾಗಿ ಎದ್ದಿದ್ದವು, ದೊಡ್ಡಿ ಬೇಗ ಮುಗಿಯುವ ಹಾಗಿತ್ತು, ಅದಕ್ಕೇ ಸುಮ್ಮನಾದ. ಅವ್ವ, ಹೋಗಲಿ ಬಿಡು, ಇನ್ನು ಚಡ್ಡಿ ಹಸಿರಾಗುವುದಿಲ್ಲ ಅಂದಳು. ಹುಡುಗಿಯೊಬ್ಬಳ ಆಟ ಹೋದದ್ದು ನಮ್ಮ ಮನೆಯಲ್ಲಿ ಯಾರಿಗೂ ಸಿಟ್ಟು ತರಿಸುವ ವಿಷಯವೇ ಆಗಲಿಲ್ಲ. ನಾನು ಇಷ್ಟು ವರ್ಷ ಸಿಡಿಮಿಡಿ ಅನ್ನುತ್ತಿರುವುದು ಇದಕ್ಕೇ. ಅವತ್ತು ಅವರು ಮಾಡಿಕೊಳ್ಳಬೇಕಾಗಿದ್ದ ಕೋಪವನ್ನೆಲ್ಲ ನಾನೊಬ್ಬನೇ ಮಾಡಿಕೊಳ್ಳುತ್ತಿದ್ದೇನೆ.

ಅಪ್ಪ ಮಾತು ಉಳಿಸಿಕೊಂಡ. ರಜೆಯ ಕೊನೆಯ ದಿನ ರೈಲು ಹತ್ತಿಸಿ ಮೈಸೂರಿಗೆ ಕರೆದುಕೊಂಡು ಹೋದ, ನನ್ನೊಬ್ಬನನ್ನೇ. ಅಕ್ಕನನ್ನು ಬಾ ಎಂದು ಯಾರೂ ಕರೆಯಲಿಲ್ಲ. ಜಿರಾಫೆ ನಮಗೆ ಬೆನ್ನು ಹಾಕಿ ನಿಂತಿತ್ತು, ನಾಲಿಗೆ ಕಾಣಿಸಲೇ ಇಲ್ಲ. ಚಿರತೆ ಪಂಜರದ ಮೂಲೆಯಲ್ಲಿ ಬಿದ್ದುಕೊಂಡು ನಿದ್ದೆ ಮಾಡುತ್ತಿತ್ತು. ಅಪ್ಪ ಬಹಳ ಹೊತ್ತು ಅದನ್ನೇ ನೋಡಿ, “ಇದ್ನ ನೋಡಕ್ಕೆ ರೈಲ್ ಹತ್ಕೊಂಡ್ ಬಂದ್ವೇನ್ಲಾ. ಮನೇಲಿದ್ರೆ ಅದೇ ಬತ್ತಿತ್ತು,” ಅಂದ.

ಮನೆಗೆ ಬಂದಾಗ ಅಕ್ಕ ಓಡಿಬಂದು ನನ್ನ ಪಕ್ಕ ಕೂತಳು. ಜಿರಾಫೆ ಎಷ್ಟೆತ್ತರ ಇತ್ತು ಎಂದು ಕೇಳಿದಳು. ‘ನಮ್ಮ ಬಂಡೆಯಷ್ಟು’ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಗೊತ್ತಿಲ್ಲ ಅಂದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಭಾನುವಾರ ಬಂದರೆ ನೀವೆಲ್ಲ ಕಾರು ಹತ್ತಿ ಬೆಂಗಳೂರಿಗೆ ಹೋಗುತ್ತೀರಿ. ದಾರಿಯಲ್ಲಿ ಒಂದೂವರೆ ಗಂಟೆ ಹಾರ್ನ್ ಕೇಳುತ್ತ ಕೂತು, ಅಲ್ಲಿ ಯಾವುದೋ ಮಾಲಿನ ನಾಲ್ಕನೇ ಮಹಡಿಯಲ್ಲಿ ಟಿಕೆಟ್ ತೆಗೆದುಕೊಂಡು ರಬ್ಬರ್ ಹಾಸಿನ ಮೇಲೆ ಜಿಗಿಯುತ್ತೀರಿ. ಜಿಗಿಯುವುದಕ್ಕೆ ಅವರದೇ ಕಾಲುಚೀಲ ಬೇರೆ ಕೊಳ್ಳಬೇಕಂತೆ. ಅದೇ ಹೊತ್ತಿಗೆ ಬೆಂಗಳೂರಿನವರು ಹಗ್ಗ, ಹೆಲ್ಮೆಟ್ಟು ಕಟ್ಟಿಕೊಂಡು ನಮ್ಮೂರಿನ ಬಂಡೆ ಹತ್ತಲು ಬೆಳಗಿನ ಜಾವವೇ ಬಂದಿರುತ್ತಾರೆ. ನೀವು ಈ ಕಡೆಯಿಂದ, ಅವರು ಆ ಕಡೆಯಿಂದ, ಹೆದ್ದಾರಿಯಲ್ಲಿ ಎದುರುಬದುರು. ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಮೊನ್ನೆ ಕಾರು ಕೆಟ್ಟು ಮನೆಯಲ್ಲಿ ಉಳಿದಾಗ ನಿಮ್ಮಲ್ಲಿ ಚಿಕ್ಕವನು ಫೋನು ಬಿಸಾಡಿ, ಈ ಊರಲ್ಲಿ ಏನೂ ಇಲ್ಲ ಎಂದು ಕೂಗಾಡಿದ. ಆ ಮಾತನ್ನು ಯೋಚನೆ ಮಾಡಿ ಆಡಪ್ಪ. ಕೂಟಗಲ್ ರಸ್ತೆಯಲ್ಲಿ ಇನ್ನೂ ಬಂಡೆಗಳಿವೆ, ದೊಣೆಗಳಿವೆ, ಮಳೆ ಬಂದ ಮರುದಿನ ಕಪ್ಪೆಮರಿಗಳೂ ಇವೆ. ಇಲ್ಲಿ ಏನೂ ಇಲ್ಲ ಎಂದು ಊರಿನವರೇ ಹೇಳಿದರೆ ಕಲ್ಲು ಬೇಕಾದವನಿಗೆ ಅಷ್ಟೇ ಸಾಕು, ಅವನು ಮತ್ತೆ ಯಾರನ್ನೂ ಕೇಳುವುದಿಲ್ಲ. ನಾನು ಕಂಡಿದ್ದೇನೆ.

ದೊಡ್ಡವಳೇ, ನೀನು ಕೂಗಾಡಲಿಲ್ಲ. ಅಜ್ಜಿಯಿಂದ ಬಂಡೆಯ ವಿಷಯ ಒಂದಿಷ್ಟು ಕೇಳಿದ್ದವಳು, ಸಂಜೆ ಬ್ಯಾಡ್ಮಿಂಟನ್ ಮುಗಿಸಿ ಬಂದು, ಶೂ ಬಿಚ್ಚುತ್ತ, ಬಂಡೆ ಹೋದ ಮೇಲೆ ನಿಮ್ಮಕ್ಕ ಎಲ್ಲಿ ಆಡುತ್ತಿದ್ದರು ತಾತ ಎಂದು ಕೇಳಿದೆ. ನಾನು ಉತ್ತರ ಕೊಡದೆ ನಿನ್ನ ಮೇಲೂ ರೇಗಿ ಎದ್ದುಹೋದೆ. ಅದು ತಪ್ಪು. ಉತ್ತರ ಈಗ ಹೇಳುತ್ತೇನೆ. ಅಕ್ಕ ಆಮೇಲೆ ಎಲ್ಲೂ ಆಡಲಿಲ್ಲ. ಎರಡು ವರ್ಷಕ್ಕೆ ಮದುವೆ ಮಾಡಿ ಕುದೂರಿಗೆ ಕಳಿಸಿದರು. ಬಂಡೆಯಿಂದ ಇಳಿದ ದಿನ ಅವಳಿಗೆ ಹದಿಮೂರು ವರ್ಷ. ಈಗ ನಿನಗೆ ಎಷ್ಟೋ ಅಷ್ಟೇ.