ಕೋನ ಆರಿಸುವ ಚೆಂಡಕ್ಕ

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಮೂರನೇ ಮಹಡಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಮಡಿಲಲ್ಲಿ ಹಳೆಯ ಕಾಲ್ಚೆಂಡು ಇಟ್ಟುಕೊಂಡ ಚೆಂಡಕ್ಕ, ಅದರ ಒಂದೊಂದು ಚರ್ಮದ ತುಂಡಿನ ಮೇಲೂ ಬೆರಳಿಟ್ಟು ಕಂಪ್ಯೂಟರಿಗೆ ಅಂಕಿ ತುಂಬುತ್ತಾರೆ. ವಿಜ್ಞಾನಿಗಳು ಬರುವಷ್ಟರಲ್ಲಿ ಮುನ್ನೂರ ಎಂಬತ್ತನಾಲ್ಕು ಆರಂಭದ ಕೋನಗಳು ಸಿದ್ಧವಾಗಬೇಕು. ದಿನಕ್ಕೆ ಯಂತ್ರದ ಕೈಲಾಗುವುದು ಅಷ್ಟೇ.

ಮೈಯೊಳಗಿನ ಒಂದು ಪ್ರೋಟೀನು ಜೀವಕೋಶದ ಪೊರೆಯಲ್ಲಿ ಯಾವ ಕಡೆ ವಾಲಿ ನಿಂತಿದೆ ಎಂದು ಕಂಡುಹಿಡಿಯುವುದು ಇಲ್ಲಿನ ಕೆಲಸ. ಯಂತ್ರ ಕೊಟ್ಟ ಕೋನದಿಂದ ಶುರುಮಾಡಿ, ಅದರ ಮಾದರಿಯನ್ನು ಲೆಕ್ಕದಲ್ಲೇ ಕೂದಲೆಳೆಯಷ್ಟು ತಿರುಗಿಸಿ, ಪ್ರಯೋಗದಲ್ಲಿ ಸಿಕ್ಕ ಅಳತೆಗೆ ಹೊಂದಿತೇ ಎಂದು ನೋಡಿ, ಮತ್ತೆ ತಿರುಗಿಸುತ್ತದೆ. ಇನ್ನು ಎತ್ತ ತಿರುಗಿಸಿದರೂ ಹೊಂದಿಕೆ ಕೆಡುತ್ತದೆ ಎಂದಾಗ ನಿಲ್ಲುತ್ತದೆ. "ಅದು ಕಣ್ಣು ಕಟ್ಟಿದ ಎಮ್ಮೆ," ಎನ್ನುತ್ತಾರೆ ಚೆಂಡಕ್ಕ. "ಇಳಿಜಾರು ಸಿಕ್ಕಿದ ಕಡೆ ಇಳಿಯತ್ತೆ, ಮೊದಲು ಸಿಕ್ಕಿದ ಗುಂಡೀನೇ ಕೆರೆ ಅಂದ್ಕೊಂಡು ಮಲಗಿಬಿಡತ್ತೆ."

ಹತ್ತೊಂಬತ್ತು ವರ್ಷ ಕಾರ್ಖಾನೆಯಲ್ಲಿ ಚೆಂಡು ಹೊಲಿದವರು ಅವರು. "ನಾನು ಹೊಲಿದಿದ್ದನ್ನ ಊರೆಲ್ಲ ಒದೀತು," ಎಂದು ನಗುತ್ತಾರೆ. ಯಂತ್ರಗಳು ಬಂದು ಆ ಕೆಲಸ ಹೋಯಿತು. ಇಲ್ಲಿಗೆ ಗಾಜಿನ ಕೊಳವೆ ತೊಳೆಯಲು ಸೇರಿದರು; ಕೈ ಚುರುಕೆಂದು ಅಂಕಿ ತುಂಬಲು ಕೂರಿಸಿದರು.

ಕಳೆದ ತಿಂಗಳು ಕಿರಿಯ ಸಂಶೋಧಕಿಯ ನಾಲ್ಕು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದರಲ್ಲಿತ್ತು. ಯಂತ್ರ ಕೊಟ್ಟ ಯಾವ ಉತ್ತರವೂ ಅಳತೆಗೆ ಹೊಂದುತ್ತಿರಲಿಲ್ಲ. ಶುಕ್ರವಾರದೊಳಗೆ ಸಿಗದಿದ್ದರೆ ಕೆಲಸ ನಿಲ್ಲಿಸಿ ಎಂದು ಮುಖ್ಯಸ್ಥರು ಹೇಳಿಯಾಗಿತ್ತು. ಆಕೆಯ ಕೋನಗಳ ಪಟ್ಟಿ ನೋಡಿ ಚೆಂಡಕ್ಕನಿಗೆ ಇರುಸುಮುರುಸು. ಮೇಲಿಂದ ಕೆಳಗೆ ಎಂಟು ಸಾಲು, ಸಾಲಿಗೆ ನಾಲ್ಕು ದಿಕ್ಕು, ಒಟ್ಟು ಮೂವತ್ತೆರಡು. ಮನೆಗೆ ಹೋಗಿ ಚೆಂಡಿನ ಮೇಲೆ ಹಾಗೆಯೇ ಚುಕ್ಕಿ ಇಟ್ಟರು. ಈ ವಯಸ್ಸಿನಲ್ಲಿ ಚೆಂಡಾಟವೇನೇ ಎಂದು ಅತ್ತೆ ಕಿಚಾಯಿಸಿದರು. ನೆತ್ತಿಯಲ್ಲೂ ಬುಡದಲ್ಲೂ ಚುಕ್ಕಿಗಳು ಗುಂಪುಗೂಡಿದ್ದವು, ನಡುವೆ ಬಟಾಬಯಲು.

ಮರುದಿನ ಸಂಶೋಧಕಿಯ ಮುಂದೆ ಚೆಂಡಿಟ್ಟರು. "ಎಲ್ಲಾರನ್ನೂ ನೆತ್ತಿ ಮೇಲೆ ಕೂರಿಸಿದ್ದೀರಿ ಮೇಡಂ, ಹೊಟ್ಟೆ ಕಡೆ ಕೇಳೋರೇ ಇಲ್ಲ. ಉರುಟು ಚೆಂಡಿಗೆ ಸಾಲಿನ ಲೆಕ್ಕ ಒಗ್ಗಲ್ಲ."

ಹೊಲಿದ ಚೆಂಡಿಗೂ ಮೂವತ್ತೆರಡೇ ತುಂಡು. ಆದರೆ ಮೈತುಂಬ ಹೆಚ್ಚೂಕಡಿಮೆ ಸಮನಾಗಿ ಹರಡಿರುತ್ತವೆ. ಪ್ರತಿ ತುಂಡಿನ ನಡುವಿನಿಂದ ಒಂದು ದಿಕ್ಕು, ಪ್ರತಿ ದಿಕ್ಕಿಗೂ ಹನ್ನೆರಡು ತಿರುವು. ಗುರುವಾರ ಅಷ್ಟನ್ನೂ ಯಂತ್ರಕ್ಕೆ ಕೊಟ್ಟರು. ಇನ್ನೂರ ಹದಿನೇಳನೆಯದು ಇಳಿದೂ ಇಳಿದೂ, ಹಿಂದೆಂದೂ ಕಾಣದ ಆಳ ಮುಟ್ಟಿತು. ಆಮೇಲೆ ಇನ್ನೂ ಹನ್ನೊಂದು ಅಲ್ಲಿಗೇ ಬಂದು ಸೇರಿದವು. ಅಳತೆ ತಾಳೆಯಾಯಿತು. ಸಂಶೋಧಕಿ ಚೆಂಡಕ್ಕನನ್ನು ತಬ್ಬಿಕೊಂಡಳು.

ಈಗ ಇಲ್ಲಿನ ಎಲ್ಲ ಪ್ರೋಟೀನುಗಳ ಆರಂಭದ ಕೋನವೂ ಚೆಂಡಕ್ಕನದ್ದೇ. ಮುಂದಿನದು ಇನ್ನೂ ದೊಡ್ಡದಂತೆ, ಅಳುಕಿಲ್ಲವೇ ಎಂದರೆ ಕನ್ನಡಕ ಒರೆಸಿಕೊಳ್ಳುತ್ತಾರೆ.

"ಬರ್ಲಿ ಬಿಡಿ. ಓಡೋದು ಮಿಷನ್ನೇ, ನಿಜ. ಎಲ್ಲಿಂದ ಓಡ್ಬೇಕು ಅಂತ ಅದಕ್ಕೇನು ಗೊತ್ತು? ಅಲ್ಲಿ ತಂದು ನಿಲ್ಲಿಸೋಳು ನಾನು."